ಇಂಜಿನ್ ನಿಂತ ಮೇಲೆ

ಶಿಂಷಾ ಹೊಳೆ ಅಣೆಕಟ್ಟಿಗೆ ಲಾಯಕ್ಕೋ ಅಲ್ಲವೋ ಎಂದು ನೋಡುವುದಕ್ಕೆ ಸರ್ಕಾರದವರು ಮಡುವಿನಕೊಪ್ಪಲಿಗೆ ಬಂದಾಗ ಹೊಳೆಯಲ್ಲಿ ನೀರಿರಲಿಲ್ಲ. ಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ. ಈ ದಡದಿಂದ ಆ ದಡದವರೆಗೂ ಮರಳು, ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಬಂಡೆ. ಇದೇ ಹೊಳೆ ಮಳೆಗಾಲದಲ್ಲಿ ಹೇಳಿ ಕೇಳಿ ಬರುವುದಲ್ಲ. ತುಮಕೂರಿನ ಕಡೆ ಮಳೆ ಸುರಿದರೆ ಸಾಕು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೆಂಪು ನೀರು ನುಗ್ಗಿ ಬಂದು, ಕಟ್ಟಿಹಾಕಿದ ಎಮ್ಮೆಯನ್ನು ಗೂಟದ ಸಮೇತ ಹೊತ್ತುಕೊಂಡು ಹೋಗುತ್ತಿತ್ತು. ಅಂಥ ಹೊಳೆಗೆ ಅಡ್ಡ ಕಟ್ಟಿ ಕರೆಂಟು ತೆಗೆಯಬಹುದೆಂದು ಬೆಂಗಳೂರಿನಲ್ಲಿ ಯಾರಿಗೋ ಅನ್ನಿಸಿತ್ತು.

ಊರಿನ ಪಟೇಲ ಸಣ್ಣಜವರೇಗೌಡರಿಗೆ ಇದರಿಂದ ಬಹಳ ಸಂತೋಷವಾಯಿತು. ಅಣೆಕಟ್ಟಾದರೆ ಏನೇನು ಮುಳುಗುತ್ತದೆ ಎಂದು ಅವರು ಕೇಳಿದ್ದಕ್ಕೆ ಇಂಜಿನಿಯರ್ ಸಾಹೇಬರು ನಕ್ಷೆ ಹರಡಿ ಬೆರಳಾಡಿಸಿ, ಊರು ದಿಬ್ಬದ ಮೇಲಿದೆ, ಅದಕ್ಕೇನೂ ಆಗುವುದಿಲ್ಲ, ಕಟ್ಟೆಗೆ ಮೇಲುಗಡೆ ತಗ್ಗಿನಲ್ಲಿರುವ ಹೊಲಗೇರಿ ಒಂದು ಹೋಗುತ್ತದೆ ಎಂದರು. ಅದೊಂದೇ ತಾನೇ ಎಂದು ಪಟೇಲರು ಸಮಾಧಾನಪಟ್ಟುಕೊಂಡರು. ಕೇರಿಯ ಗುಡಿಸಲುಗಳಿಗೆ ಪಟ್ಟಾ ಇರಲಿಲ್ಲವಾದ್ದರಿಂದ ಪರಿಹಾರದ ಮಾತು ಏಳಲಿಲ್ಲ. ಮಾರನೆಯ ದಿನ, ತಮ್ಮ ಕೇರಿಯನ್ನು ಮುಳುಗಿಸಲು ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಗುಂಡಿಯನ್ನು ತೋಡುವುದಕ್ಕೆ ಕೇರಿಯ ಗಂಡಸರು ಹೆಂಗಸರು ಗುದ್ದಲಿ ಮಂಕರಿ ಹಿಡಿದುಕೊಂಡು ಹೋದರು. ಬೇಸಿಗೆಯಲ್ಲಿ ಬೇರೆ ಕೂಲಿ ಇರಲಿಲ್ಲ.

ಹಾಗೆ ಹೋದವರಲ್ಲಿ ಮಂಚಮ್ಮ ಒಬ್ಬಳು. ನಲವತ್ತು ದಾಟಿದ ಹೆಂಗಸು, ಗಟ್ಟಿ ಆಳು, ಮಾತು ಕಡಿಮೆ. ಗಂಡ ಅಂಕಯ್ಯ ಯಾರು ಬೈದರೂ ನಮಗ್ಯಾಕೆ ಬಿಡು ಎನ್ನುವ ಪೈಕಿ. ಬಾಗಿ ಬಾಗಿ ಅವನ ಬೆನ್ನು ಹಾಗೇ ಉಳಿದುಬಿಟ್ಟಿತ್ತು. ಮಗಳು ಮಲ್ಲಿಗಮ್ಮನನ್ನು ಕೆರಗೋಡಿನ ಕೇರಿಗೆ ಕೊಟ್ಟಿತ್ತು. ಬೇಸಿಗೆಗೆ ಅವಳು ತವರಿಗೆ ಬರುತ್ತಿದ್ದಳು.

ಬೇಸಿಗೆಯಲ್ಲಿ ಆ ಊರು ಕುಡಿಯುವುದು ಹೊಳೆಯ ಒರತೆಯ ನೀರು. ಮರಳನ್ನು ಮೊಳಕಾಲುದ್ದ ಬಗೆದರೆ ನೀರು ಒಸರುತ್ತದೆ. ಚಿಪ್ಪಿನಲ್ಲಿ ಗೋರಿ ಗೋರಿ ಕೊಡ ತುಂಬಿಸಬೇಕು. ಎಲ್ಲಕ್ಕಿಂತ ಮೇಲೆ ಊರಿನವರ ಒರತೆ. ಅದರ ಕೆಳಗೆ ಅಗಸರ ಕಲ್ಲು. ಅದರ ಕೆಳಗೆ ಎಮ್ಮೆಗಳ ಮೈ ತೊಳೆಯುವ ಮಡು. ಅದರ ಕೆಳಗೆ ಕೇರಿಯವರ ಒರತೆ. ನೀರು ಮರಳಿನೊಳಗೆ ಇಳಿದು ಬರುವಾಗ ಎಲ್ಲ ಸೋಸಿ ಶುದ್ಧವಾಗುತ್ತದೆ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಅಷ್ಟು ಶುದ್ಧವಾದ ನೀರನ್ನು ಕುಡಿಯಲು ಅವರು ಯಾರೂ ಕೆಳಗೆ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆ ನೀರು ಕುಡಿದು ಮಲ್ಲಿಗಮ್ಮನ ಚೊಚ್ಚಲ ಕೂಸು ವಾಂತಿಭೇದಿಯಲ್ಲಿ ಹೋಯಿತು. ಬೆಳಗ್ಗೆ ಗೋಡೆ ಹಿಡಿದು ನಿಂತಿದ್ದ ಗಂಡು ಕೂಸು, ಸಂಜೆಗೆ ಕಣ್ಣು ಗುಳಿಬಿದ್ದು ಅಜ್ಜಿಯ ತೊಡೆಯ ಮೇಲೆ ಆರಿಹೋಯಿತು. ಈ ಬೇಸಿಗೆಯಲ್ಲಿ ಮಲ್ಲಿಗಮ್ಮ ಎರಡನೆಯ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಹೆಣ್ಣು. ಅಂಬೆಗಾಲಿಡುತ್ತಿತ್ತು, ಕೊಡ ಕಂಡರೆ ಕೈ ಚಾಚುತ್ತಿತ್ತು. ಬಂದ ವಾರದಲ್ಲೇ ಅದಕ್ಕೂ ಹೊಟ್ಟೆ ಕೆಟ್ಟಿತು. ಮಂಚಮ್ಮ ನೀರನ್ನು ಕಾಯಿಸಿ ಕೊಟ್ಟಳು, ಬಟ್ಟೆಯಲ್ಲಿ ಸೋಸಿ ಕೊಟ್ಟಳು. ನೀರಿನಲ್ಲಿದ್ದ ಎಮ್ಮೆಯ ವಾಸನೆ ಕಾಯಿಸಿದರೂ ಹೋಗಲಿಲ್ಲ, ಸೋಸಿದರೂ ಹೋಗಲಿಲ್ಲ.

ಸಾಹೇಬರು ಗುಂಡಿಗೆ ಗುರುತು ಹಾಕಿದ್ದು ಹೊಳೆಯ ನಟ್ಟನಡುವೆ. ಆ ಜಾಗ ಊರಿನವರ ಒರತೆಗಿಂತ ಕೂಗಳತೆ ಮೇಲಿತ್ತು. ತೊಂದರೆ ಬಂದದ್ದು ಅಲ್ಲಿ. ಕೇರಿಯವರು ಅಲ್ಲಿ ಇಳಿದು ನೀರು ಮುಟ್ಟಿದರೆ ಕೆಳಗಿನ ಒರತೆಗಳೆಲ್ಲ ಮೈಲಿಗೆಯಾಗುತ್ತವೆ ಎಂದು ಪಟೇಲರು ತಕರಾರು ಮಾಡಿದರು. ಹಾಗಾದರೆ ಊರಿನವರೇ ಬಂದು ತೋಡಲಿ ಎಂದರು ಸಾಹೇಬರು. ಎರಡಾಳುದ್ದ ಮರಳಿನ ಗುಂಡಿ, ಯಾವ ಗಳಿಗೆಯಲ್ಲಿ ಕುಸಿಯುತ್ತದೋ ಹೇಳಲಿಕ್ಕಾಗದು. ಊರಿನವರು ಯಾರೂ ಗುದ್ದಲಿ ಮುಟ್ಟಲಿಲ್ಲ. ಕೊನೆಗೆ ಅರಳಿಕಟ್ಟೆಯಲ್ಲಿ ಕೂತು ಒಂದು ದಾರಿ ಕಂಡುಹಿಡಿದರು. ಒಣಗಿದ್ದಕ್ಕೆ ಮೈಲಿಗೆಯಿಲ್ಲ. ಒಣ ಕಾಳು, ಒಣ ಸೌದೆ ಕೇರಿಯವರ ಕೈಯಿಂದ ಬಂದರೆ ಯಾರಿಗೇನು ತೊಂದರೆ? ಹಾಗೆಯೇ ಒಣ ಮರಳು. ಗುಂಡಿ ಒಣಗಿರುವವರೆಗೆ ಕೇರಿಯವರು ಅದರೊಳಗೆ ಇರಬಹುದು. ನೀರು ಬಂದ ತಕ್ಷಣ ಹತ್ತಿ ಆಚೆ ಬರಬೇಕು.

ಅಲ್ಲಿ ಮರಳಿನ ದಿಣ್ಣೆ, ಒಂದಾಳು ಆಳಕ್ಕೆ ನೀರು ಬಂತು. ಕೇರಿಯವರು ಹತ್ತಿ ಆಚೆ ಬಂದರು. ಕೆಲಸ ನಿಂತಿತು.

ಆಗ ಮದ್ದೂರಿನಿಂದ ನೀರೆತ್ತುವ ಇಂಜಿನ್ ತರಿಸಿದರು. ಅದರ ಜೊತೆಗೆ ಬಂದವನು ಮೆಕ್ಯಾನಿಕ್ ದಸ್ತಗೀರ್. ಮುಖಕ್ಕೆಲ್ಲ ಮಸಿ, ತುಟಿಯಲ್ಲಿ ಬೀಡಿ, ಇಂಜಿನ್ ಒಂದನ್ನು ಬಿಟ್ಟು ಯಾರ ಹತ್ತಿರವೂ ಮಾತಿಲ್ಲ. ಅವನು ಚಕ್ರ ತಿರುಗಿಸಿದ. ಇಂಜಿನ್ ಹೊಗೆ ಬಿಟ್ಟು ಬಡಿದುಕೊಳ್ಳತೊಡಗಿತು. ಗುಂಡಿಯ ನೀರು ಕೊಳವೆಯಲ್ಲಿ ಹತ್ತಿ, ಊರಿನವರ ಒರತೆಯನ್ನು ಬಳಸಿ ಹೋಗುವ ಕಾಲುವೆಗೆ ಬಿತ್ತು. ಪಟೇಲರು ಬಗ್ಗಿ ನೋಡಿದರು. ಗುಂಡಿಯಲ್ಲಿ ನೀರಿರಲಿಲ್ಲ. ಸರಿ, ಒಣ ಎಂದರು.

ಅಂದಿನಿಂದ ಅದೇ ಕಾನೂನಾಯಿತು. ಇಂಜಿನ್ ಓಡುತ್ತಿದ್ದರೆ ಗುಂಡಿ ಒಣ, ಕೇರಿಯವರು ಒಳಗಿರಬಹುದು. ಇಂಜಿನ್ ನಿಂತರೆ ನೀರು, ಕೇರಿಯವರು ಆಚೆ. ಇದನ್ನು ಕಾಯಲು ಊರಿನ ತಿಮ್ಮಯ್ಯ ಎಂಬುವನನ್ನು ದೊಣ್ಣೆ ಕೊಟ್ಟು ಗುಂಡಿಯ ದಂಡೆಯಲ್ಲಿ ಕೂರಿಸಿದರು. ಅವನ ಕೆಲಸ ಇಂಜಿನ್ನಿನ ಸದ್ದಿಗೆ ಕಿವಿಗೊಡುವುದು. ಅದು ಒಂದು ಸಲ ಕೆಮ್ಮಿದರೂ ಅವನು ಹತ್ರೀ ಎಂದು ಕೂಗುವನು. ಕೇರಿಯವರು ಗುದ್ದಲಿ ಬಿಸಾಕಿ ಏಣಿಗೆ ಮುಗಿಬೀಳುವರು. ಇಂಜಿನ್ ಮತ್ತೆ ಸರಿಹೋದರೆ ಇಳಿಯುವರು. ದಿನಕ್ಕೆ ಎಷ್ಟು ಸಲ ಹತ್ತಿಳಿದರೋ ಲೆಕ್ಕವಿಲ್ಲ.

ಗುಂಡಿಯ ಕೆಲಸ ಮನುಷ್ಯರನ್ನು ತಿನ್ನುವಂಥದ್ದು. ಸುತ್ತ ಬಿದಿರಿನ ತಟ್ಟಿ ಇಟ್ಟು, ಅಡ್ಡ ಗಳ ಕೊಟ್ಟು, ಮೇಲೆ ದಂಡೆಯಲ್ಲಿ ಗೂಟ ಹೊಡೆದು ಹಗ್ಗದಿಂದ ಬಿಗಿದಿದ್ದರು. ಆದರೂ ತಟ್ಟಿಯ ಸಂದಿನಿಂದ ಮರಳು ಸೋರುತ್ತಲೇ ಇತ್ತು. ಮೇಲೆ ಬಿಸಿಲಿಗೆ ತಲೆ ಸಿಡಿಯುತ್ತಿದ್ದರೆ ಕೆಳಗೆ ಕಾಲು ಜೋಮು ಹಿಡಿಯುತ್ತಿತ್ತು. ಒದ್ದೆ ಮರಳಿನ ಮಂಕರಿ ಒಣ ಮರಳಿನ ಎರಡರಷ್ಟು ತೂಗುತ್ತಿತ್ತು. ಅದರಿಂದ ಇಳಿಯುವ ನೀರು ಹೆಂಗಸರ ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಸೀರೆಗೆ ಹರಿಯುತ್ತಿತ್ತು. ಈ ನೀರಿನ ಬಗ್ಗೆ ಪಟೇಲರು ಏನೂ ಹೇಳಲಿಲ್ಲ. ಅದು ಮಂಕರಿಯಲ್ಲಿದ್ದದ್ದರಿಂದ ಮರಳೆಂದೇ ಲೆಕ್ಕ. ಮಂಚಮ್ಮನ ಕಾಲಿನ ಬೆರಳ ಸಂದಿಯೆಲ್ಲ ಬೆಳ್ಳಗೆ ಕೊಳೆತುಹೋಯಿತು.

ಒಂದು ಮಧ್ಯಾಹ್ನ ಇಂಜಿನ್ ಕೆಮ್ಮದೆ ಏನೂ ಹೇಳದೆ ಪಕ್ಕನೆ ನಿಂತುಬಿಟ್ಟಿತು. ತಿಮ್ಮಯ್ಯ ತೂಕಡಿಸುತ್ತಿದ್ದವನು ಎದ್ದು, ತಪ್ಪು ತನ್ನ ತಲೆಗೆ ಬಂದೀತೆಂದು ದೊಣ್ಣೆಯಿಂದ ತಟ್ಟಿಗೆ ಬಡಿದು ಬಡಿದು ಕೂಗಿದ. ಎಲ್ಲರೂ ಒಟ್ಟಿಗೆ ಏಣಿ ಹತ್ತಿದರು. ಮೇಲಿನ ಮೆಟ್ಟಿಲು ಮುರಿಯಿತು. ಅಂಕಯ್ಯನ ತಮ್ಮ ಮರಿಸಿದ್ದಯ್ಯ ಬೆನ್ನು ಕೆಳಗಾಗಿ ಬಿದ್ದ. ಅವನ ಸೊಂಟ ಹೋಯಿತು. ಅವನನ್ನು ಎತ್ತಲು ಮಂಚಮ್ಮ ಮತ್ತೆ ಇಳಿದಾಗ ನೀರು ಕಣಕಾಲಿಗೆ ಬಂದಿತ್ತು.

ಪಟೇಲರು ಬಂದರು. ನೀರಿನಲ್ಲಿ ಕಾಲಿಟ್ಟದ್ದಕ್ಕೆ ಮಂಚಮ್ಮನಿಗೆ ಬೈದರು. ಮರಿಸಿದ್ದಯ್ಯನನ್ನು ಕಂಬಳಿಯಲ್ಲಿ ಹಾಕಿ ಹೊತ್ತುಕೊಂಡು ಹೋಗುತ್ತಿದ್ದುದು ಅವರ ಕಣ್ಣಿಗೆ ಬಿತ್ತೋ ಇಲ್ಲವೋ, ಮಾತಿಗಂತೂ ಬರಲಿಲ್ಲ. ಮೈಲಿಗೆಯಾದ ಬಾವಿಯನ್ನು ತಳ ಕಾಣುವವರೆಗೆ ಖಾಲಿ ಮಾಡಿ, ಗುಡಿಯ ಅಯ್ಯನವರಿಂದ ಗಂಜಲ ಹಾಲು ಚಿಮುಕಿಸಿದ ಮೇಲೆಯೇ ಅದು ಶುದ್ಧ. ಗುಂಡಿಗೂ ಅದೇ ಆಗಬೇಕೆಂದರು. ಊರಿನ ಗಂಡಸರು ಸಾಲಾಗಿ ನಿಂತು ಹೊತ್ತು ಮುಳುಗುವವರೆಗೆ ಕೊಡದಲ್ಲಿ ನೀರು ಎತ್ತಿ ಚೆಲ್ಲಿದರು. ನೀರು ಒಂದು ಗೇಣೂ ಇಳಿಯಲಿಲ್ಲ, ಅಂಥ ಜಲ. ಮಾರನೆಯ ದಿನ ದಸ್ತಗೀರ್ ಇಂಜಿನ್ ರಿಪೇರಿ ಮಾಡಿ ಹಚ್ಚಿದ. ಬೀಡಿ ಸೇದಿ ಮುಗಿಸುವುದರೊಳಗೆ ತಳ ಕಂಡಿತು. ಪಟೇಲರು ಇಂಜಿನ್ನಿಗೆ ಕೈ ಮುಗಿದರು. ಊರಿನ ಒರತೆಯನ್ನೂ ಬಗೆದು ಹೊಸದು ಮಾಡುವ ಕೆಲಸ ಕೇರಿಯವರಿಗೆ ಬಿತ್ತು, ಬಿಟ್ಟಿ.

ಮರಿಸಿದ್ದಯ್ಯ ಗುಡಿಸಲಿನಲ್ಲಿ ಮಲಗಿದವನು ಮೇಲೇಳಲಿಲ್ಲ. ಮಂಚಮ್ಮ ಮೈದುನನ ಹೇಲುಚ್ಚೆ ಬಳಿದು, ಮೊಮ್ಮಗಳ ಭೇದಿ ಬಳಿದು, ಗುಂಡಿಗೆ ಬರುತ್ತಿದ್ದಳು. ಗುಂಡಿಯ ನೀರು ಅವಳ ಕಣ್ಣ ಮುಂದೆಯೇ ಕೊಳವೆಯಲ್ಲಿ ಹತ್ತಿ ಹೋಗುತ್ತಿತ್ತು. ತಿಳಿನೀರು. ಯಾವ ವಾಸನೆಯೂ ಇಲ್ಲ.

ಒಂದು ದಿನ ಸಾಹೇಬರು ದಂಡೆಯ ಮೇಲೆ ಒಬ್ಬರೇ ನಿಂತಿದ್ದಾಗ ಅವಳು ಮಂಕರಿ ಇಳಿಸಿ, ದೂರದಲ್ಲಿ ನಿಂತು ಕೇಳಿದಳು. ಕೆಲಸ ಆದ ಮೇಲೆ ಈ ಗುಂಡಿಯನ್ನು ಏನು ಮಾಡುತ್ತೀರಿ ಸ್ವಾಮಿ ಎಂದು. ಸಾಹೇಬರಿಗೆ ಅವತ್ತು ಮನಸ್ಸು ಚೆನ್ನಾಗಿತ್ತು. ನೀವೇ ತೋಡಿದ್ದು, ನೀವೇ ಕುಡಿಯಿರಿ, ಸರ್ಕಾರ ಈ ಗುಂಡಿಯನ್ನು ಕಟ್ಟಿಕೊಂಡು ಏನು ಮಾಡುತ್ತದೆ ಎಂದರು. ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ ದಸ್ತಗೀರ್ ತಲೆಯೆತ್ತಿ ನೋಡಿದ. ಮಂಚಮ್ಮ ಅವತ್ತು ಮನೆಗೆ ಹೋಗಿ ಮಗಳಿಗೆ, ಇನ್ನು ಸ್ವಲ್ಪ ದಿನ ಕೂಸನ್ನು ಹೇಗಾದರೂ ಉಳಿಸಿಕೋ ಎಂದಳು.

ಎರಡಾಳು ಆಳಕ್ಕೆ ಬಂಡೆ ಸಿಕ್ಕಿತು. ಬಂಡೆಯಲ್ಲಿ ಬಿರುಕಿದೆಯೋ ಇಲ್ಲವೋ ಸಾಹೇಬರು ನೋಡಬೇಕು, ಅದಕ್ಕೆ ಅದನ್ನು ಉಜ್ಜಿ ತೊಳೆದು ಒರೆಸಿ ಇಡಬೇಕು. ಇದು ಹೆಂಗಸರ ಕೆಲಸ ಎಂದು ಮಂಚಮ್ಮನನ್ನು ಇಳಿಸಿದರು. ಅವಳು ತೆಂಗಿನ ನಾರು ಹಿಡಿದು ಮಂಡಿಯೂರಿ ಬಂಡೆಯನ್ನು ತಿಕ್ಕಿದಳು, ಗೋಣಿಯಲ್ಲಿ ಒರೆಸಿದಳು. ಒರೆಸಿದಲ್ಲೆಲ್ಲ ನೀರು ಬಂತು. ಬಂಡೆಯ ಉದ್ದಕ್ಕೂ ಕೈಬೆರಳು ಹೋಗುವಷ್ಟು ಅಗಲದ ಸೀಳುಗಳಿದ್ದವು. ಅದರೊಳಗಿನಿಂದ ನೀರು ತಣ್ಣಗೆ ಕೈಯನ್ನು ತಳ್ಳಿಕೊಂಡು ಬರುತ್ತಿತ್ತು.

ಸಾಹೇಬರು ಇಳಿದು ಬಂದರು. ಕಾಲಲ್ಲಿ ಬೂಟು. ಆ ಬೂಟಿನಲ್ಲೇ ಅವರು ಅವಳು ತೊಳೆದ ಬಂಡೆಯ ಮೇಲೆಲ್ಲ ಓಡಾಡಿದರು, ಸುತ್ತಿಗೆಯಲ್ಲಿ ಬಡಿದರು, ಸೀಳಿಗೆ ಕಬ್ಬಿಣದ ಸಲಾಕೆ ಇಳಿಸಿ ನೋಡಿದರು. ಪಟೇಲರು ಮೇಲಿನಿಂದ ಇಣುಕುತ್ತಿದ್ದರು. ಬೂಟಿನ ಬಗ್ಗೆ ಅವರೇನೂ ಹೇಳಲಿಲ್ಲ. ಊರು ಕುಡಿಯುವ ನೀರಿನ ತಲೆಯ ಮೇಲೆ ಚರ್ಮದ ಬೂಟು ನಡೆದಾಡುತ್ತಿತ್ತು, ಅದೇ ಚರ್ಮ ಸುಲಿಯುವ ಕೈ ಮಾತ್ರ ಅಲ್ಲಿರಕೂಡದು.  ಮಂಚಮ್ಮ ಗೋಣಿ ಹಿಂಡಿ, ಬೂಟಿನ ಗುರುತನ್ನು ಒರೆಸಿದಳು.

ಸಾಹೇಬರು ಹತ್ತಿ ಮೇಲೆ ಹೋಗಿ ಪಟೇಲರಿಗೆ ಹೇಳಿದ್ದು ಗುಂಡಿಯೊಳಗಿದ್ದ ಅವಳಿಗೂ ಕೇಳಿಸಿತು. ಈ ಜಾಗ ಆಗುವುದಿಲ್ಲ. ಬಂಡೆಯೆಲ್ಲ ಸೀಳು. ಕಟ್ಟೆ ಕಟ್ಟಿದರೂ ನೀರು ಅಡಿಯಿಂದ ಹೊರಟುಹೋಗುತ್ತದೆ. ಹೊಳೆ ಲಾಯಕ್ಕಿಲ್ಲ. ನಾವು ಈ ಸಂಜೆಯೇ ಡೇರೆ ಕೀಳುತ್ತೇವೆ, ಮದ್ದೂರಿನಲ್ಲಿ ರೈಲು ಹಿಡಿಯಬೇಕು. ಪಟೇಲರಿಗೆ ಮುಖ ಸಣ್ಣದಾಯಿತು. ಒಂದು ಗಳಿಗೆಯಷ್ಟೇ. ಆಮೇಲೆ ಅವರು ನೀರು ಹೇಗಿದೆ ಎಂದು ಕೇಳಿದರು. ಬಂಡೆಯ ನೀರು, ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿ ಸಿಗುವುದಿಲ್ಲ ಎಂದರು ಸಾಹೇಬರು. ಪಟೇಲರು ತಿರುಗಿ, ನಾಳೆ ಬೆಳಗ್ಗೆ ಅಯ್ಯನವರನ್ನು ಕರೆದುಕೊಂಡು ಬರುವಂತೆ ತಿಮ್ಮಯ್ಯನಿಗೆ ಹೇಳಿದರು. ಊರಿನ ಹೆಂಗಸರು ಇನ್ನು ಇಲ್ಲೇ ನೀರು ತುಂಬಲಿ. ಕೇರಿಯವರು ಈ ಕಡೆ ಸುಳಿಯಬಾರದೆಂದು ಇವತ್ತೇ ತಮಟೆ ಹೊಡೆಸು. ತಮಟೆ ಹೊಡೆಯುವವರೂ ಕೇರಿಯವರೇ.

ಮಂಚಮ್ಮ ಕೆಳಗಿನಿಂದ ಸಾಹೇಬರನ್ನು ಕರೆದಳು. ನಮಗೆ ಬಿಡುತ್ತೇನೆ ಅಂದಿದ್ದಿರಲ್ಲ ಸ್ವಾಮಿ ಎಂದಳು. ಸಾಹೇಬರು ಅವಳ ಕಡೆ ನೋಡದೆ, ಇಲಾಖೆ ಊರೊಳಗಿನ ವಿಷಯಕ್ಕೆ ಕೈ ಹಾಕುವುದಿಲ್ಲಮ್ಮ, ಅದನ್ನೆಲ್ಲ ನೀವು ನೀವೇ ಮಾತಾಡಿಕೊಳ್ಳಿ ಎಂದು ಗಡಿಯಾರ ನೋಡಿಕೊಂಡರು. ಅವಳು ಹತ್ತಲೆಂದು ತುಸು ಕಾದು, ದಸ್ತಗೀರನಿಗೆ ಕೈ ತೋರಿಸಿದರು. ಇಂಜಿನ್ ನಿಂತಿತು.

ತಿಮ್ಮಯ್ಯ ಹತ್ರೀ ಎಂದು ಕೂಗಿದ. ಒಳಗಿದ್ದವಳು ಒಬ್ಬಳೇ.

ಮಂಚಮ್ಮ ಏಣಿಯ ಕಡೆ ನೋಡಿದಳು. ಕಾಲು ಏಣಿಯ ಕಡೆಗೆ ಎದ್ದಿತ್ತು ಕೂಡ, ಅಷ್ಟು ದಿನದ ಅಭ್ಯಾಸ. ಎದ್ದ ಕಾಲನ್ನು ಅವಳು ಮತ್ತೆ ಬಂಡೆಯ ಮೇಲಿಟ್ಟಳು. ಸೀಳಿನಿಂದ ನೀರು ಬಂದು ಹಿಮ್ಮಡಿ ಮುಚ್ಚಿತು. ಅವಳು ಕೂತುಕೊಂಡಳು.

"ಲೇ ಮಂಚಿ, ಮೇಲಕ್ ಬಾ. ನೀರ್ ಬರ್ತಾ ಅದೆ," ಎಂದರು ಪಟೇಲರು.

"ಬರ್ಲಿ," ಎಂದಳು ಮಂಚಮ್ಮ.

ಪಟೇಲರಿಗೆ ಅದು ಮೊದಲು ಅರ್ಥವಾಗಲಿಲ್ಲ. ಅವಳು ಬರ್ಲಿ ಬುದ್ದಿ ಎನ್ನಬೇಕಿತ್ತು. ಬುದ್ದಿ ಎನ್ನುವುದನ್ನು ಬಿಟ್ಟಿದ್ದಳು. ಹುಟ್ಟಿದಂದಿನಿಂದ ಬಾಯಲ್ಲಿದ್ದ ಮಾತು ಈಗ ಬಾಯಿಗೆ ಬರಲಿಲ್ಲ, ಅಷ್ಟೇ. ತಿಮ್ಮಯ್ಯ ದೊಣ್ಣೆಯಿಂದ ತಟ್ಟಿಗೆ ಬಡಿದ. ಸಾಹೇಬರು ಬಗ್ಗಿ, ಕೆಲಸ ಮುಗಿಯಿತಮ್ಮ, ಹತ್ತಿ ಬಾ ಎಂದರು. ನೀರು ಅವಳ ಸೊಂಟಕ್ಕೆ ಬಂತು. ತನ್ನ ಕೆಲಸ ಇನ್ನೂ ಮುಗಿದಿಲ್ಲ ಎಂದಳು.

ಅಷ್ಟು ಹೊತ್ತಿಗೆ ಪಟೇಲರಿಗೆ ಲೆಕ್ಕ ತಿಳಿಯಿತು. ಅವಳು ನೀರಿನಲ್ಲಿದ್ದಾಳೆ. ಗುಂಡಿ ಮೈಲಿಗೆಯಾಯಿತು. ತಳದವರೆಗೆ ಖಾಲಿ ಮಾಡದೆ ಅದು ಶುದ್ಧವಾಗುವುದಿಲ್ಲ, ಇಂಜಿನ್ ಇಲ್ಲದೆ ಅದು ಖಾಲಿಯಾಗುವುದಿಲ್ಲ, ಇಂಜಿನ್ ಈ ಸಂಜೆ ಹೊರಟುಹೋಗುತ್ತದೆ. ಅವರು ಸಾಹೇಬರ ಹತ್ತಿರ ಓಡಿದರು. ಇನ್ನೊಂದು ಸಲ, ಒಂದೇ ಸಲ ಇಂಜಿನ್ ಹಚ್ಚಿಸಿ ಎಂದು ಬೇಡಿಕೊಂಡರು. ಸಾಹೇಬರು ಹಣೆ ಒರೆಸಿಕೊಂಡು ದಸ್ತಗೀರನಿಗೆ ಹಚ್ಚಯ್ಯ ಎಂದರು.

ದಸ್ತಗೀರ್ ಬೀಡಿಯನ್ನು ತುಟಿಯಿಂದ ತೆಗೆದ. ಅಷ್ಟು ದಿನದಲ್ಲಿ ಅವನು ಅಷ್ಟುದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಹಚ್ತೀನಿ ಸಾಬ್, ನಂಗೇನು. ಇಂಜಿನ್ ಓಡ್ತಾ ಇದ್ರೆ ಗುಂಡಿ ಒಣ. ಒಣ ಗುಂಡೀಲಿ ಈಯಮ್ಮ ಇರ್ಬೋದು ಅಂತ ಪಟೇಲ್ರೇ ಹೇಳವ್ರೆ. ನಾನ್ ನಿಲ್ಸಿದ್ ಕೂಡ್ಲೆ ಮತ್ತೆ ನೀರು. ಆವಾಗ್ಲೂ ಈಯಮ್ಮ ಅದ್ರಲ್ಲೇ ಇರ್ತಾರೆ. ಯಾವಾಗ್ ನಿಲ್ಸ್ಬೇಕು, ಅದೊಂದ್ ಹೇಳ್ಬುಡಿ."

ಸಾಹೇಬರು ಪಟೇಲರನ್ನು ನೋಡಿದರು. ಪಟೇಲರು ತಿಮ್ಮಯ್ಯನನ್ನು ನೋಡಿದರು. ಎಳೆದು ಹಾಕಲೇ ಎಂದು ಕೇಳಿದ ತಿಮ್ಮಯ್ಯ. ಆದರೆ ಎಳೆಯಬೇಕಾದರೆ ಅವಳನ್ನು ಮುಟ್ಟಬೇಕು, ಮುಟ್ಟಬೇಕಾದರೆ ಅವಳಿರುವ ನೀರಿಗೇ ಇಳಿಯಬೇಕು. ಊರಿನ ಗಂಡಸರು ದಂಡೆಯ ಸುತ್ತ ನೆರೆದಿದ್ದರು. ಯಾರೂ ಮುಂದೆ ಬರಲಿಲ್ಲ.

ನೀರು ಎದೆಗೆ ಬಂತು. ಮಂಚಮ್ಮ ಎದ್ದು ನಿಂತಳು. ಅದು ಗಂಟಲಿಗೆ ಬಂದಾಗ ಅಡ್ಡ ಗಳ ಹಿಡಿದು ಒಂದು ಗೇಣು ಮೇಲೇರಿದಳು. ನೀರು ಏರಿದಷ್ಟೂ ಏರಿದಳು, ನೀರಿನಿಂದ ಆಚೆ ಮಾತ್ರ ಬರಲಿಲ್ಲ. ಬಂಡೆಯ ನೀರಿನ ಚಳಿ ಮೂಳೆಗೆ ಹೊಕ್ಕು ಹಲ್ಲು ಕಟಕಟ ಎನ್ನುತ್ತಿತ್ತು. ಹೆದರಿಕೆಯಾಗುತ್ತಿತ್ತು ಅವಳಿಗೆ. ತಟ್ಟಿ ಸರಿದರೆ ಮರಳು ಮೈಮೇಲೆ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಅದನ್ನು ಕಟ್ಟಿದವರಲ್ಲಿ ಅವಳೂ ಒಬ್ಬಳು.

"ಇನ್ನೆರಡ್ ತಿಂಗ್ಳಿಗೆ ಒಳೆ ತುಂಬ್ಕಂಡ್ ಬರ್ತದೆ ಕಣಮ್ಮಿ," ಎಂದರು ಪಟೇಲರು. ದನಿ ಇಳಿಸಿದ್ದರು. "ಈ ಗುಂಡಿ ಮುಚ್ಚೇ ಓಯ್ತದೆ. ಎರಡ್ ತಿಂಗ್ಳ ನೀರಿಗೆ ಪ್ರಾಣ ಕೊಡ್ತೀಯಾ?"

"ನಿಮ್ಗೂ ಎರಡೇ ತಿಂಗ್ಳು. ನೀವ್ ಯಾಕ್ ಬುಡಾಕಿಲ್ಲ?"

"ನೀನ್ ಮಿಂದ ನೀರ್ನ ನಿನ್ ಮೊಮ್ಮಗೀಗೆ ಕುಡುಸ್ತೀಯಾ?"

"ನಿಮ್ ಎಮ್ಮೆ ಮಿಂದ ನೀರ್ ಕುಡ್ದೇ ಮೊದ್ಲುನ್ ಕೂಸ್ ಸತ್ತಿದ್ದು," ಎಂದಳು ಮಂಚಮ್ಮ. ಎಮ್ಮೆಗಿಂತ ತಾನೇ ವಾಸಿ ಎಂದು ಅವಳು ಹೇಳಹೊರಟಿದ್ದಳು, ಹಲ್ಲು ಕಚ್ಚಿಕೊಂಡದ್ದರಿಂದ ಮಾತು ಮುಂದಕ್ಕೆ ಹೋಗಲಿಲ್ಲ.

ಪಟೇಲರು ತಟ್ಟಿ ಬಿಚ್ಚಲು ಹೇಳಿದರು. ಸಹಜವಾಗಿಯೇ ಹೇಳಿದರು, ಕೊಟ್ಟಿಗೆಯ ಬಾಗಿಲು ತೆಗೆ ಎನ್ನುವಂತೆ. ಗೂಟದ ಹಗ್ಗ ಸಡಿಲ ಬಿಟ್ಟರೆ ಸಾಕು, ಉಳಿದದ್ದನ್ನು ಮರಳು ನೋಡಿಕೊಳ್ಳುತ್ತದೆ. ತಿಮ್ಮಯ್ಯ ದೊಣ್ಣೆ ಹಿಡಿದು ಮೊದಲನೆಯ ಗೂಟದ ಕಡೆ ಹೋದ.

ಆ ಗೂಟದ ಬುಡದಲ್ಲಿ ಅಂಕಯ್ಯ ಕೂತಿದ್ದ. ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ಗೂಟಕ್ಕೆ ಮೈ ಆನಿಸಿ, ಹಗ್ಗದ ಗಂಟಿನ ಮೇಲೆ ಎರಡು ಕೈಯಿಟ್ಟು, ನೆಲ ನೋಡುತ್ತ ಕೂತಿದ್ದ. ತಿಮ್ಮಯ್ಯ ಏಳ್ಲಾ ಎಂದ. ಅಂಕಯ್ಯ ಏಳಲಿಲ್ಲ. ನಮಗ್ಯಾಕೆ ಎಂದೂ ಅನ್ನಲಿಲ್ಲ. ಗಂಟು ಬಿಚ್ಚಬೇಕಾದರೆ ಅಂಕಯ್ಯನ ಕೈ ಸರಿಸಬೇಕು, ಸರಿಸಬೇಕಾದರೆ ಮುಟ್ಟಬೇಕು. ತಿಮ್ಮಯ್ಯ ದೊಣ್ಣೆಯೆತ್ತಿ ಅಂಕಯ್ಯನ ತಲೆಗೆ ಹೊಡೆದ. ಇನ್ನೊಂದು ಹೊಡೆದ. ರಕ್ತ ಹಣೆಯಿಂದ ಇಳಿದು ಮೂಗಿನ ತುದಿಯಿಂದ ಹಗ್ಗದ ಮೇಲೆ ತೊಟ್ಟಿಕ್ಕಿತು. ಅಂಕಯ್ಯನ ಕೈ ಗಂಟಿನ ಮೇಲೇ ಇತ್ತು. ಎರಡನೆಯ ಗೂಟದ ಬುಡದಲ್ಲಿ ಕೇರಿಯ ದೊಡ್ಡಸಿದ್ದಯ್ಯ ಬಂದು ಕೂತ. ಮೂರನೆಯದರ ಬುಡದಲ್ಲಿ ಮುದುಕಿ ಮರಿತಾಯಮ್ಮ. ಕೇರಿಯವರು ಒಬ್ಬೊಬ್ಬರೇ ಬಂದು ಕೂತರು. ಗೂಟಗಳು ಮುಗಿದ ಮೇಲೆ ಬಂದವರು ಬರೀ ಹಗ್ಗ ಹಿಡಿದು ಕೂತರು. 

ಸಾಹೇಬರಿಗೆ ಈಗ ನಿಜವಾಗಿ ಗಾಬರಿಯಾಯಿತು. ಸರ್ಕಾರಿ ಗುಂಡಿಯಲ್ಲಿ ಹೆಣ ಬಿದ್ದರೆ ಬೆಂಗಳೂರಿಗೆ ಉತ್ತರ ಕೊಡಬೇಕಾದವರು ಅವರು. ತಮ್ಮ ಗಾಡಿಗಳು ಹೊಳೆ ದಾಟುವವರೆಗೆ ಯಾರೂ ತಟ್ಟಿ ಮುಟ್ಟಕೂಡದು, ಮುಟ್ಟಿದರೆ ಪೊಲೀಸಿಗೆ ಬರೆಯುತ್ತೇನೆ ಎಂದು ಪಟೇಲರಿಗೆ ಹೇಳಿದರು. ಮಂಚಮ್ಮನ ಮೇಲಿನ ಕರುಣೆಯಿಂದ ಹೇಳಿದ್ದಲ್ಲ. ಆದರೂ ಹೇಳಿದರು. ದಸ್ತಗೀರ್ ಕೊಳವೆ ಬಿಚ್ಚಿ, ಇಂಜಿನ್ನನ್ನು ನಾಲ್ಕು ಜನರ ಕೈಯಲ್ಲಿ ಎತ್ತಿಸಿ ಗಾಡಿಗೆ ಹೇರಿದ. ಹೊರಡುವ ಮುಂಚೆ ದಂಡೆಗೆ ಬಂದು ಇಣುಕಿ, ಬರ್ತೀನಿ ಅಕ್ಕ ಎಂದ. ಅವಳಿಗೆ ತಲೆಯಾಡಿಸಲಿಕ್ಕೂ ಆಗಲಿಲ್ಲ.

ಗಾಡಿಗಳು ಆಚೆ ದಡ ಹತ್ತಿ ಮದ್ದೂರಿನ ರಸ್ತೆಗೆ ತಿರುಗಿದವು. ಪಟೇಲರು ಅದನ್ನು ನೋಡುತ್ತ ನಿಂತಿದ್ದರು. ಈಗ ತಟ್ಟಿ ಬೀಳಿಸಿದರೂ ಅವರಿಗೆ ನೀರು ಸಿಗುತ್ತಿರಲಿಲ್ಲ, ಮರಳು ತುಂಬಿದ ಒಂದು ಗುಂಡಿ ಮತ್ತು ಅದರೊಳಗೆ ಒಂದು ಹೆಣ ಸಿಗುತ್ತಿತ್ತು. ನಾಳೆಯಿಂದ ಕೇರಿಯವರು ಯಾರೂ ನನ್ನ ಗದ್ದೆಗೆ ಕಾಲಿಡಬೇಡಿ ಎಂದರು. ಬೇಸಿಗೆಯಾದ್ದರಿಂದ ಗದ್ದೆಯಲ್ಲಿ ಕೆಲಸವಿರಲಿಲ್ಲ. ಮಳೆ ಬಿದ್ದ ಮೇಲೆ ಅದರ ಬಿಸಿ ತಟ್ಟುವುದು ಎಲ್ಲರಿಗೂ ಗೊತ್ತಿತ್ತು. ಪಟೇಲರು ಹೋದರು, ಅವರ ಹಿಂದೆ ಊರಿನವರು ಹೋದರು. ಮುಟ್ಟಿಸಿಕೊಳ್ಳದಂತೆ ಮರಳಿನಲ್ಲಿ ದೂರ ದೂರ ಕಾಲಿಡುತ್ತ ಕೊನೆಯಲ್ಲಿ ತಿಮ್ಮಯ್ಯ ಹೋದ.

ಅಂಕಯ್ಯ ಗೂಟ ಬಿಟ್ಟು ಎದ್ದು, ದಂಡೆಯಲ್ಲಿ ಬೋರಲು ಮಲಗಿ ಹೆಂಡತಿಗೆ ಕೈ ಚಾಚಿದ. ಅವನ ಮುಖವೆಲ್ಲ ರಕ್ತ. ಮಂಚಮ್ಮನ ತುಟಿ ನೀಲಿಗಟ್ಟಿತ್ತು, ಅಡ್ಡ ಗಳ ಹಿಡಿದ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಅವಳು ಅವನ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಕೊಡ ಇಳ್ಸು ಮೊದ್ಲು," ಎಂದಳು.

ಕೇರಿಯವರ ಜೊತೆ ಬಂದಿದ್ದ ಮಲ್ಲಿಗಮ್ಮ ಕೂಸನ್ನು ಮರಿತಾಯಮ್ಮನ ಕೈಗೆ ಕೊಟ್ಟು ಕೇರಿಗೆ ಓಡಿದಳು. ಕೊಡ ತಂದು, ಕುತ್ತಿಗೆಗೆ ಹಗ್ಗ ಕಟ್ಟಿ ಇಳಿಸಿದಳು. ಮಂಚಮ್ಮ ಬೆರಳು ಬಾರದೆ ಮೊಣಕೈಯಿಂದ ಅದನ್ನು ಅದುಮಿ ಹಿಡಿದು ಮುಳುಗಿಸಿದಳು. ಕೊಡ ಗುಳುಗುಳು ಎಂದು ತುಂಬಿ ಮೇಲಕ್ಕೆ ಹೋಯಿತು. ಮಲ್ಲಿಗಮ್ಮ ಅಂಗೈಯಲ್ಲಿ ನೀರು ಹಿಡಿದು ಕೂಸಿನ ಬಾಯಿಗಿಟ್ಟಳು. ಕೂಸು ಕುಡಿದು ಕೆಮ್ಮಿ ಮತ್ತೆ ಅಂಗೈಗೆ ಬಾಯಿ ಹಾಕಿತು.

ಅಂಕಯ್ಯ ಮತ್ತೆ ಕೈ ಚಾಚಿದ. ಸಾಕು ಬಾ, ಸತ್ತೋಯ್ತೀಯ ಎಂದ.

"ಮರಿಸಿದ್ದಯ್ಯಂಗೆ ಒಂದ್ ಕೊಡ ಓಗ್ಲಿ," ಎಂದಳು ಮಂಚಮ್ಮ ನೀರಿನೊಳಗಿನಿಂದಲೇ. "ಆಮ್ಯಾಕ್ ಕೇರಿ ಪೂರ್ತಿ ಕೊಡ ತರ್ಲಿ. ಎಲ್ರುದೂ ತುಂಬುದ್ ಮ್ಯಾಕೆ ನಾನ್ ಮೇಲಕ್ ಅತ್ತೀನಿ."

ಕೇರಿಯ ಹೆಂಗಸರು ಕೊಡ ತರಲು ಓಡಿದರು.